ವೇಷದ ಹೆಲ್ಮೆಟ್ಟಿಗೆ ಫೋಮೋ, ರಟ್ಟೋ, ಹಳೆ ಬೈಕ್ ಹೆಲ್ಮೆಟ್ಟೋ?

ಛದ್ಮವೇಷಕ್ಕೆ ಸೂಪರ್‌ಹೀರೋ ಹೆಲ್ಮೆಟ್ ಮಾಡಹೊರಟವರು ಮೊದಲು ತಲೆ ಕೆಡಿಸಿಕೊಳ್ಳುವುದು ಬಣ್ಣದ ಬಗ್ಗೆ. ಕೆಲಸ ಕೆಡುವುದು ಮಾತ್ರ ಬೇರೆ ಎರಡು ಕಡೆ: ತಲೆಯ ಅಳತೆಯಲ್ಲಿ, ಮುಖದ ಮುಂದಿನ ಕಪ್ಪು ಗ್ಲಾಸಿನಲ್ಲಿ. ಕಾಸರಗೋಡಿನ ಕಡೆ ಕೈಗೆ ಸಿಗುವ ಸಾಮಾನುಗಳಲ್ಲೇ ಮಾಡಿ ನೋಡಿದ ಮೇಲಿನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇವೆ. ಮೊದಲ ಸಲದವರಿಗೆ 6 ಮಿ.ಮೀ. ಇವಿಎ ಫೋಮಿನ (ಬಿಸಿ ಮಾಡಿ ಬಗ್ಗಿಸಬಹುದಾದ ಸ್ಪಂಜಿನಂಥ ಹಾಳೆ) ಚಿಪ್ಪು, ಅದಕ್ಕೆ 0.5 ಮಿ.ಮೀ. ಪಾರದರ್ಶಕ ಪ್ಲಾಸ್ಟಿಕ್ ಶೀಟಿನ ಮೇಲೆ, ಕಾರಿನ ಗಾಜಿಗೆ ಅಂಟಿಸುವಂಥ 35%ನ ಕೂಲಿಂಗ್ ಫಿಲ್ಮ್. ಉಳಿದವೂ ಕೆಲಸಕ್ಕೆ ಬಾರದವೇನಲ್ಲ, ಆದರೆ ಒಂದೊಂದಕ್ಕೂ ಒಂದೊಂದು ತಕರಾರು ಉಂಟು.

ಯಾವುದನ್ನೇ ಆರಿಸಿದರೂ ಅಳತೆಯ ಲೆಕ್ಕ ಒಂದೇ. ಹುಬ್ಬಿನ ಮೇಲಿಂದ ಟೇಪು ಸುತ್ತಿ ಬಂದ ಅಳತೆಗೆ 6 ಸೆಂ.ಮೀ. ಸೇರಿಸಿ, ಚಿಪ್ಪಿನ ಒಳಸುತ್ತಳತೆ ಅಷ್ಟಿರಬೇಕು. 54 ಸೆಂ.ಮೀ. ತಲೆಗೆ 60. ಆಗ ಸುತ್ತಲೂ ಒಂದು ಸೆಂ.ಮೀ.ನಷ್ಟು ಸಂದು ಉಳಿಯುತ್ತದೆ. ಯಕ್ಷಗಾನದಲ್ಲಿ ತಲೆಗೆ ಬಟ್ಟೆ ಸುತ್ತಿದ ಮೇಲೆಯೇ ಕಿರೀಟ ಕಟ್ಟುವುದು. ಇಲ್ಲಿಯೂ ಹಾಗೆಯೇ ತೆಳು ಹತ್ತಿ ಬಟ್ಟೆಯೊಂದನ್ನು ಸುತ್ತಿಕೊಂಡರೆ ಆ ಸಂದು ತುಂಬುತ್ತದೆ, ಬೆವರು ಕಣ್ಣಿಗಿಳಿಯುವುದಿಲ್ಲ.

ಫೋಮಿನ ಚಿಪ್ಪಿಗೆ ಒಂದು ಮೀಟರ್ ಉದ್ದಗಲದ 6 ಮಿ.ಮೀ. ಶೀಟು, ಮೇಲಿನ ಪಟ್ಟಿ-ಗೆರೆಗಳಿಗೆ 2 ಮಿ.ಮೀ. ಶೀಟು, 200 ಮಿ.ಲೀ. ಸಿಂಥೆಟಿಕ್ ರಬ್ಬರ್ ಅಂಟು ಸಾಕು. ಯೋಗ ಮ್ಯಾಟಿನಲ್ಲೇ ಮಾಡಿದರಾಯಿತು ಎನ್ನುವವರಿದ್ದಾರೆ. ಅವುಗಳಲ್ಲಿ ಹಲವು ಇವಿಎ ಅಲ್ಲ, ಕಾಯಿಸಿ ಬಗ್ಗಿಸಿದರೂ ಆಕಾರ ನಿಲ್ಲುವುದಿಲ್ಲ. ತಲೆಗೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ (ಮೂಗು, ಬಾಯಿ ಬಿಟ್ಟು), ಮೇಲೆ ಟೇಪು ಅಂಟಿಸಿ, ನಡುನೆತ್ತಿಯಿಂದ ಗೆರೆ ಎಳೆದು, ಬಿಚ್ಚಿ ಕತ್ತರಿಸಿದರೆ ನಕ್ಷೆ ಸಿಗುತ್ತದೆ. ಅದನ್ನು ಆ 6 ಸೆಂ.ಮೀ. ಲೆಕ್ಕಕ್ಕೆ ಹಿಗ್ಗಿಸಿ ಬರೆದುಕೊಳ್ಳಿ. ಕಟ್ಟರನ್ನು ನೇರವಾಗಿ ಹಿಡಿದು ಒಂದೇ ಎಳೆತದಲ್ಲಿ ಕೊಯ್ಯಬೇಕು. ಫೋಮು ಬ್ಲೇಡಿನ ಮೊನೆಯನ್ನು ಬಹಳ ಬೇಗ ತಿನ್ನುತ್ತದೆ. ಅಂಚು ಹರಿದಂತೆ ಬಂದರೆ ಕೈಯ ತಪ್ಪಲ್ಲ, ಬ್ಲೇಡ್ ಬದಲಿಸಿ.

ಇನ್ನು ಕ್ರಮ. ಮೊದಲು ಕಾಯಿಸಿ ಬಗ್ಗಿಸುವುದು, ಆಮೇಲೆ ಅಂಟಿಸುವುದು. ತಿರುಗಾಮುರುಗಾ ಮಾಡಿದರೆ ಹೀಟ್ ಗನ್ನಿನ (ಬಿಸಿಗಾಳಿ ಊದುವ ಯಂತ್ರ) ಬಿಸಿಗೆ ಜೋಡಣೆ ಬಿಟ್ಟುಕೊಳ್ಳುತ್ತದೆ. ಗನ್ನನ್ನು ಸುಮಾರು 15 ಸೆಂ.ಮೀ. ದೂರದಲ್ಲಿ ಆಡಿಸುತ್ತಾ ಇರಿ. ಮೇಲ್ಮೈಗೆ ಸಣ್ಣ ಹೊಳಪು ಬಂದ ಕೂಡಲೇ ಕವುಚಿಟ್ಟ ಪಾತ್ರೆಯ ಮೇಲೆ ಒತ್ತಿ, ತಣಿಯುವವರೆಗೆ ಬಿಡಬೇಡಿ. ತಲೆ ಒಣಗಿಸುವ ಹೇರ್ ಡ್ರೈಯರಿನ ಬಿಸಿ 6 ಮಿ.ಮೀ.ಗೆ ಸಾಲದು. ಅಂಟನ್ನು ಎರಡೂ ಅಂಚಿಗೆ ತೆಳ್ಳಗೆ ಹಚ್ಚಿ, 10–15 ನಿಮಿಷ ಕಾದು, ಬೆರಳಿಗೆ ಅಂಟದಂತಾದ ಮೇಲೆ ಜೋಡಿಸಿ. ಹಸಿ ಇರುವಾಗಲೇ ಒತ್ತಿದರೆ ಎಷ್ಟು ಹೊತ್ತು ಹಿಡಿದರೂ ಜಾರುತ್ತದೆ. ಈ ಅಂಟಿನ ಆವಿ ತಲೆ ಸುತ್ತಿಸುವಂಥದ್ದು, ಕೆಲಸ ಜಗಲಿಯಲ್ಲೇ ಆಗಲಿ. ಬಣ್ಣಕ್ಕೆ ಮೊದಲು ನೀರು ಬೆರೆಸಿದ ಫೆವಿಕಾಲಿನ ಮೂರು–ನಾಲ್ಕು ಕೋಟು ಬೇಕು. ಇಲ್ಲದಿದ್ದರೆ ಫೋಮು ಬಣ್ಣ ಹೀರುತ್ತದೆ, ಬಗ್ಗಿದಲ್ಲಿ ಬಿರುಕು ಬೀಳುತ್ತದೆ. ಬೆಳ್ಳಿ ಬಣ್ಣದ ಸ್ಪ್ರೇ ಮೇಲೆ ಕ್ಲಿಯರ್ (ಬಣ್ಣವಿಲ್ಲದ ವಾರ್ನಿಶ್) ಹೊಡೆಯುವ ಆಸೆ ಬೇಡ, ಹೊಳಪು ಸತ್ತು ಬೂದು ಬಣ್ಣಕ್ಕೆ ತಿರುಗುತ್ತದೆ.

ರಟ್ಟಿಗೆ ಖರ್ಚೇ ಇಲ್ಲ. ಅಂಗಡಿಯ ಡಬ್ಬಿಯನ್ನು 3 ಸೆಂ.ಮೀ. ಪಟ್ಟಿಗಳಾಗಿ ಕತ್ತರಿಸಿ, ಒಂದು ಬಳೆ, ಅದರ ಮೇಲೆ ಅಡ್ಡಡ್ಡ ಕಮಾನು ಕಟ್ಟಿ, ಮೇಲೆ ಪತ್ರಿಕೆಯ ಚೂರುಗಳನ್ನು ಐದಾರು ಪದರ ಅಂಟಿಸುವುದು. ಗಟ್ಟಿಯೂ ಆಗುತ್ತದೆ. ಆದರೆ ಪದರದಿಂದ ಪದರಕ್ಕೆ ಪೂರಾ ಒಣಗಬೇಕು. ಫೆಬ್ರವರಿಯ ಬಿಸಿಲಿಗೆ ಒಂದು ದಿನದಲ್ಲಿ ಒಣಗುವ ಪದರ ಆಟಿ ತಿಂಗಳ ಮಳೆಯಲ್ಲಿ ಬೂಸಲು ಹಿಡಿದೇ ಕೂತಿರುತ್ತದೆ. ಮೈದಾ ಅಂಟು ಕೆಡದಿರಲಿ ಎಂದು ತೋಟಕ್ಕೆ ಮದ್ದು ಬಿಡಲು ತಂದ ಮೈಲುತುತ್ತ ಬೆರೆಸುವ ಯೋಚನೆ ಹಲವರಿಗೆ ಬರುತ್ತದೆ. ಪುಸ್ತಕ ಕಟ್ಟುವವರ ಅಂಟಿಗೆ ಅದು ಸರಿ. ಮಗುವಿನ ಬಾಯಿ, ಮೂಗಿನ ಹತ್ತಿರ ಬರುವ ವಸ್ತುವಿಗೆ ಬೇಡ, ಅದು ವಿಷ. ಫೆವಿಕಾಲಿಗೆ ಅಷ್ಟೇ ನೀರು ಬೆರೆಸಿ ಬಳಸಿ. ಅಡಿಕೆ ಹಾಳೆಯನ್ನು ನೆನೆಸಿ ಬಗ್ಗಿಸಿ ಕಿವಿಯ ಕವಚ, ಗಲ್ಲದ ಪಟ್ಟಿ ಮಾಡಬಹುದು. ಗುಮ್ಮಟದ ಆಕಾರಕ್ಕೆ ಮಾತ್ರ ಅದು ಬಗ್ಗದು, ನಾರಿನುದ್ದಕ್ಕೆ ಸೀಳುತ್ತದೆ.

ಹಳೆ ಬೈಕ್ ಹೆಲ್ಮೆಟ್ಟಿನ ದೊಡ್ಡ ಲಾಭ, ಮೇಲೆತ್ತುವ ಗ್ಲಾಸ್ ಅದರಲ್ಲೇ ಇರುವುದು. ಭಾರ ಒಂದು ಕಿಲೋ ದಾಟುತ್ತದೆ, ಹಾಗಾಗಿ ಪ್ರೈಮರಿ ಮಕ್ಕಳಿಗೆ ಬೇಡವೇ ಬೇಡ. ಫೋಮಿನದ್ದು ಸುಮಾರು 300 ಗ್ರಾಂನಲ್ಲಿ ಮುಗಿಯುತ್ತದೆ. ಚಿಪ್ಪನ್ನು 220, ಆಮೇಲೆ 400 ನಂಬ್ರದ ಸ್ಯಾಂಡ್ ಪೇಪರಿನಲ್ಲಿ ಉಜ್ಜದಿದ್ದರೆ ಬಣ್ಣ ಸಿಪ್ಪೆ ಏಳುತ್ತದೆ. ಒಳಗಿನ ಥರ್ಮೋಕೋಲಿಗೆ ಸ್ಪ್ರೇ, ರಬ್ಬರ್ ಅಂಟು ತಾಗಿದರೆ ಕರಗಿ ಹೊಂಡ ಬೀಳುತ್ತದೆ. ಆ ಮೇಲೆ ಅದು ರಸ್ತೆಗೆ ಆಗದು, ಹೊರಗೆ ಐಎಸ್‌ಐ ಗುರುತು ಇದ್ದರೂ.

ಈಗ ಗ್ಲಾಸ್. ಫಿಲ್ಮಿನ ಮೇಲಿನ ಅಂಕೆ ಎಷ್ಟು ಬೆಳಕು ಹಾಯುತ್ತದೆ ಎಂಬುದರ ಲೆಕ್ಕ. ಅಂಕೆ ಕಡಿಮೆಯಾದಷ್ಟೂ ಕಪ್ಪು ಹೆಚ್ಚು. ಮುಖ ಕಾಣಬಾರದೆಂದು 5%ನದ್ದನ್ನು ತರುವವರು ಒಂದು ವಿಷಯ ಮರೆಯುತ್ತಾರೆ. ಒಳಗಿರುವವನ ಕಣ್ಣಿಗೆ ಬೆಳಕು ಒಂದೇ ಸಲ ಫಿಲ್ಮ್ ದಾಟಿದರೆ ಸಾಕು. ಅವನ ಮುಖ ಹೊರಗಿನವರಿಗೆ ಕಾಣಬೇಕಾದರೆ ಅದೇ ಬೆಳಕು ಒಳಗೆ ಹೋಗಿ ತಿರುಗಿ ಹೊರಗೆ ಬರಬೇಕು, ಎರಡು ಸಲ ಸೋಸಿಕೊಂಡು. 35%ನದ್ದಾದರೆ ಹೊರಗೆ ಬರುವುದು 12% ಮಾತ್ರ, 20%ನದ್ದಾದರೆ 4%. ಚಿಪ್ಪಿನ ಒಳಭಾಗಕ್ಕೆ ಹೊಳಪಿಲ್ಲದ ಕಪ್ಪು ಬಳಿದರೆ 35ರಲ್ಲೇ ಮುಖ ಮರೆಯಾಗುತ್ತದೆ. ರಾತ್ರಿ ವೇದಿಕೆಯಲ್ಲಿ 20%ನ ಗ್ಲಾಸಿನೊಳಗಿನ ಮಗುವಿಗೆ ಮೆಟ್ಟಿಲು ಕಾಣುವುದಿಲ್ಲ. ಹಗಲಿನ ಮೆರವಣಿಗೆಗೆ ಮಾತ್ರ 20 ಸರಿ. ಹೆಲ್ಮೆಟ್ ಒಳಗೆ ಎಲ್‌ಇಡಿ ಹಾಕಿದರೆ ಈ ಲೆಕ್ಕವೆಲ್ಲ ತಲೆಕೆಳಗು, ಮುಖ ಪ್ರದರ್ಶನಕ್ಕಿಟ್ಟಂತೆ ಕಾಣುತ್ತದೆ.

ಫಿಲ್ಮ್ ಕೂರಿಸಲು ಶೀಟು, ಫಿಲ್ಮ್ ಎರಡಕ್ಕೂ ಶ್ಯಾಂಪೂ ಹನಿಸಿದ ನೀರು ಚಿಮುಕಿಸಿ, ನಡುವಿನಿಂದ ಅಂಚಿಗೆ ಹಳೆ ಎಟಿಎಂ ಕಾರ್ಡಿನಿಂದ ನೀರು ತಳ್ಳಿ. ಎರಡು ಮೂರು ದಿನ ಒಣಗಿದ ಮೇಲೆಯೇ, ಫಿಲ್ಮ್ ಹೊರಬದಿಗೆ ಬರುವಂತೆ ಬಗ್ಗಿಸಿ. ಒಳಬದಿಗೆ ಬಂದರೆ ನೆರಿಗೆ ಏಳಬಹುದು. ಒಂದೇ ದಿಕ್ಕಿನ ಬಾಗು ಮಾತ್ರ ಸಾಧ್ಯ, ಗೋಲಾಕಾರಕ್ಕೆ ಇದು ಒಗ್ಗದು.

ಬೈಕಿನ ಸ್ಮೋಕ್ ಗ್ಲಾಸ್ ಪಾಲಿಕಾರ್ಬೊನೇಟಿನದ್ದು, ಸುಲಭಕ್ಕೆ ಒಡೆಯದು, ಬಾಗು ಸಿದ್ಧವಾಗಿಯೇ ಬರುತ್ತದೆ. ಚಿಪ್ಪನ್ನು ಅದರ ಬಾಗಿಗೆ ಹೊಂದಿಸಬೇಕು, ಕತ್ತರಿ ನಡೆಯದು, ಹ್ಯಾಕ್ಸಾ ಬ್ಲೇಡ್ ಬೇಕು. ಎರಡನೇ ಹೆಲ್ಮೆಟ್ ಮಾಡುವವರಿಗೆ ನಮ್ಮ ಆಯ್ಕೆ ಇದೇ. ಬೋರ್ಡ್ ಮಾಡುವವರಲ್ಲಿ ಸಿಗುವ 2 ಮಿ.ಮೀ. ಕಪ್ಪು ಅಕ್ರಿಲಿಕ್ ನೋಡಲು ಚೆಂದ, ಆದರೆ ಬಗ್ಗಿಸುವಾಗ ಬಿಸಿ ಹೆಚ್ಚಾದಲ್ಲಿ ಗುಳ್ಳೆ, ಬಿದ್ದರೆ ಚೂಪು ಚೂರು. ಕಣ್ಣಿನ ಮುಂದೆ ಬೇಡ. ಎಕ್ಸ್‌ರೇ ಫಿಲ್ಮ್ ಪುಕ್ಕಟೆ, ಕಾಣುವುದೂ ಅಷ್ಟಕ್ಕಷ್ಟೆ.

ಗ್ಲಾಸನ್ನು ಬಣ್ಣ ಒಣಗಿದ ಮೇಲೆ, ಒಳಗಿನಿಂದ, ಸುತ್ತ 15 ಮಿ.ಮೀ. ಅಂಚು ಬಿಟ್ಟು ಡಬಲ್ ಸೈಡ್ ಟೇಪಿನಲ್ಲಿ ಕೂರಿಸಿ. ಇನ್‌ಸ್ಟಂಟ್ ಅಂಟು ಬೇಡ, ಅದರ ಆವಿಗೆ ಗ್ಲಾಸ್ ಬೆಳ್ಳಗೆ ಮಂಜಾಗುತ್ತದೆ, ಒರೆಸಿದರೂ ಹೋಗದು. ಟೇಪಾದರೆ ಗೀರು ಬಿದ್ದ ಗ್ಲಾಸನ್ನು ಬದಲಿಸಲೂ ಬರುತ್ತದೆ. ಉಸಿರಿನ ಮಂಜಿಗೆ ಗಲ್ಲದ ಕೆಳಗೆ ಎರಡು ಬೆರಳಗಲ ತೆರವು, ನೆತ್ತಿಯ ಪಟ್ಟಿಯಡಿ ಮರೆಯಾದ ನಾಲ್ಕು ತೂತು ಬೇಕೇ ಬೇಕು. ಅದೂ ಸಾಲದಿದ್ದರೆ 5 ವೋಲ್ಟಿನ 40 ಮಿ.ಮೀ. ಫ್ಯಾನನ್ನು ಹಿಂದಲೆಯ ಬಳಿ, ಗಾಳಿ ಹೊರಗೆ ಎಳೆಯುವಂತೆ ಕೂರಿಸಿ, ವಯರನ್ನು ಅಂಗಿಯೊಳಗಿನ ಪವರ್ ಬ್ಯಾಂಕಿಗೆ ಕೊಡಿ.