ಎಲ್ಡನ್ ರಿಂಗ್: 400 ಗಂಟೆ ಆಡಿದ ಮೇಲೆ ಹೊಸಬರಿಗೆ ಹೇಳುವ ಮಾತು

ನಮ್ಮ ಮನೆಯ 2022ರ ಕ್ಯಾಲೆಂಡರಿನ ಮಾರ್ಚ್ ಹಾಳೆಯ ಹಿಂದೆ ಪೆನ್ಸಿಲ್‌ನಲ್ಲಿ ಎಳೆದ 47 ಗೆರೆಗಳಿವೆ. ಹಾಲಿನ ಲೆಕ್ಕ ಇರಬೇಕು ಅಂದುಕೊಂಡು ಅಮ್ಮ ಅದನ್ನು ಜೋಪಾನವಾಗಿ ಎತ್ತಿಟ್ಟಿದ್ದಳು. ಅದು ಹಾಲಿನ ಲೆಕ್ಕವಲ್ಲ. ಎಲ್ಡನ್ ರಿಂಗ್ ಅನ್ನುವ ವಿಡಿಯೋ ಗೇಮ್‌ನಲ್ಲಿ ಮಾರ್ಗಿಟ್ ಅನ್ನುವ ಒಬ್ಬನೇ ಬಾಸ್, ಅಂದರೆ ದೊಡ್ಡ ಎದುರಾಳಿ, ಅವನ ಕೈಯಲ್ಲಿ ನಾನು ಸತ್ತ ಲೆಕ್ಕ.

ಎಲ್ಡನ್ ರಿಂಗ್ ಬಂದದ್ದು 2022ರ ಫೆಬ್ರವರಿ 25ಕ್ಕೆ. ಮಾಡಿದ್ದು ಜಪಾನಿನ ಫ್ರಮ್‌ಸಾಫ್ಟ್‌ವೇರ್, ನಿರ್ದೇಶಕ ಹಿಡೆಟಾಕಾ ಮಿಯಾಝಾಕಿ. ಕಷ್ಟಕ್ಕೆ ಹೆಸರಾದ ಡಾರ್ಕ್ ಸೋಲ್ಸ್ ಆಟ ಮಾಡಿದವರೇ ಇವರು. ಹಾಗಾಗಿ ಸುಲಭ ಇರಲ್ಲ ಅಂತ ಗೊತ್ತಿದ್ದೇ ಕೊಂಡೆ. ಈಸಿ, ನಾರ್ಮಲ್, ಹಾರ್ಡ್ ಅಂತ ಆಯ್ಕೆ ಮಾಡುವ ಜಾಗವೇ ಇದರಲ್ಲಿಲ್ಲ. ಆದರೂ ಬಿಡುಗಡೆಯಾದ ಒಂದು ವರ್ಷದೊಳಗೆ 2 ಕೋಟಿ ಪ್ರತಿ ಮಾರಾಟವಾಯಿತು. ಅಷ್ಟು ಜನರಿಗೂ ಬೆರಳು ಚುರುಕಾಗಿರಲು ಸಾಧ್ಯವಿಲ್ಲ, ಅಲ್ವಾ? ನನ್ನ ಬೆರಳಂತೂ ಚುರುಕಿಲ್ಲ. ಹಗಲೆಲ್ಲ ಲೆಕ್ಕಪತ್ರ ನೋಡಿ, ರಾತ್ರಿ ಊಟ ಆದ ಮೇಲೆ ಒಂದು ಗಂಟೆ ಆಡುವವನು ನಾನು. ಆ ಒಂದೊಂದು ಗಂಟೆಯೇ ಸೇರಿ ಈಗ 400 ದಾಟಿದೆ.

ಹೋದ ತಿಂಗಳು ಅಕ್ಕನ ಮಗ ರಜೆಗೆ ಬಂದವನು ಇದನ್ನು ಶುರು ಮಾಡಿದ. ಅವನ ಪಕ್ಕ ಕೂತು ನೋಡುವಾಗ, ನಾನು ಮಾಡಿದ ತಪ್ಪುಗಳನ್ನೇ ಅವನೂ ಒಂದೊಂದಾಗಿ ಮಾಡುತ್ತಿದ್ದ. ಅದಕ್ಕೇ ಇಷ್ಟು ತಡವಾಗಿ ಈ ವಿಮರ್ಶೆ.

ಆಟ ಶುರುವಾದ ಕೆಲವೇ ನಿಮಿಷದಲ್ಲಿ ಹತ್ತಾರು ಕೈ ಅಂಟಿಸಿಕೊಂಡ ಒಂದು ಪ್ರಾಣಿ ಎದುರಾಗುತ್ತದೆ. ಅದು ನಿಮ್ಮನ್ನು ಕೊಲ್ಲುತ್ತದೆ. ಕೊಲ್ಲಲೆಂದೇ ಇಟ್ಟಿದ್ದಾರೆ, ಬೇಜಾರು ಬೇಡ. ಎಚ್ಚರವಾದ ಗುಹೆಯಲ್ಲಿ ಒಂದು ಆತ್ಮ ಕೂತಿರುತ್ತದೆ, ಅದರ ಪಕ್ಕದಲ್ಲೇ ಕೆಳಗೆ ಒಂದು ಕುಣಿ. ಅದರೊಳಗೆ ಹಾರಿ. ಹೊಡೆಯುವುದು, ತಡೆಯುವುದು, ಉರುಳುವುದು ಎಲ್ಲವನ್ನೂ ಅಲ್ಲಿ ಕಲಿಸುತ್ತಾರೆ. ನಾನು ಅದನ್ನು ನೋಡದೆ ನೇರ ಹೊರಗೆ ಹೋಗಿದ್ದೆ. ಗುರಾಣಿ ಎತ್ತುವ ಬಟನ್ ಯಾವುದು ಅಂತ ಗೊತ್ತಾಗಲು ಎರಡು ದಿನ ಹಿಡಿಯಿತು.

ಹೊರಗೆ ಬಂದ ತಕ್ಷಣ ಲಿಮ್‌ಗ್ರೇವ್ ಅನ್ನುವ ಬಯಲು. ದೂರದಲ್ಲಿ ಆಕಾಶದಷ್ಟು ಎತ್ತರದ ಚಿನ್ನದ ಮರ. ಕೆಳಗೆ ದಾರಿಯಲ್ಲಿ ಚಿನ್ನದ ಕವಚ ತೊಟ್ಟ ಕುದುರೆ ಸವಾರ ನಿಧಾನಕ್ಕೆ ಗಸ್ತು ಹೊಡೆಯುತ್ತಿರುತ್ತಾನೆ.

"ಮಾಮ, ಇವನು ಒಳ್ಳೆಯವನಾ ಕೆಟ್ಟವನಾ?"

"ಹೋಗಿ ಕೇಳು."

ಹೋದ. ಎರಡೇ ಏಟು. ಪರದೆ ಮೇಲೆ ಕೆಂಪಕ್ಷರದಲ್ಲಿ ಯೂ ಡೈಡ್. ಮತ್ತೆ ಹೋದ, ಮತ್ತೆ ಅದೇ. ನಾಲ್ಕನೇ ಸಲ ಸತ್ತ ಮೇಲೆ ನನ್ನ ಮುಖ ನೋಡಿ, "ಇವನನ್ನು ಸಾಯಿಸದೆ ಮುಂದೆ ಹೋಗಕ್ಕಾಗಲ್ವಾ?" ಅಂದ. ಹೋಗಬಹುದು. ಅವನ ಕಣ್ಣಿಗೆ ಬೀಳದ ಹಾಗೆ ಮರಗಳ ಮರೆಯಲ್ಲಿ ಬಳಸಿಕೊಂಡು ಹೋದರೆ ಆಯ್ತು. ಆ ಸವಾರನನ್ನು ಮೊದಲ ದಾರಿಯಲ್ಲೇ ನಿಲ್ಲಿಸಿರುವುದು ಇದನ್ನು ಕಲಿಸಲಿಕ್ಕೇ ಅಂತ ನನಗೆ ಅನಿಸುತ್ತದೆ. ಬೇರೆ ಆಟಗಳಲ್ಲಿ ಎದುರಿಗೆ ಬಂದವನನ್ನು ಹೊಡೆದೇ ಮುಂದೆ ಹೋಗಬೇಕು. ಇಲ್ಲಿ ಬಿಟ್ಟು ಹೋಗುವುದೂ ಆಟವೇ. ನನಗೆ ಇದು ಗೊತ್ತಾಗಲು 47 ಗೆರೆ ಬೇಕಾಯಿತು.

ಆ ಕಥೆ ಹೀಗೆ. ವಿಶ್ರಾಂತಿ ತೆಗೆದುಕೊಳ್ಳುವ ಜಾಗಕ್ಕೆ ಇಲ್ಲಿ ಗ್ರೇಸ್ ಅನ್ನುತ್ತಾರೆ. ಕೆಲವು ಗ್ರೇಸ್‌ಗಳಿಂದ ಒಂದು ಬೆಳಕಿನ ಗೆರೆ ಹೊರಟು, ಮುಂದೆ ಯಾವ ಕಡೆ ಹೋಗಬೇಕು ಅಂತ ತೋರಿಸುತ್ತದೆ. ನಾನು ಆ ಬೆಳಕು ಹಿಡಿದು ನೇರ ಸ್ಟಾರ್ಮ್‌ವೇಲ್ ಕೋಟೆಗೆ ಹೋದೆ. ಬಾಗಿಲಲ್ಲೇ ಮಾರ್ಗಿಟ್ ಕಾಯುತ್ತಿದ್ದ. ಆಗ ನನ್ನ ಲೆವೆಲ್ 14. ಶತ್ರುಗಳನ್ನು ಕೊಂದರೆ ರೂನ್ ಸಿಗುತ್ತದೆ, ಲೆವೆಲ್ ಏರಿಸಲೂ ಸಾಮಾನು ಕೊಳ್ಳಲೂ ಅದೇ ದುಡ್ಡು. ಸಿಕ್ಕಿದ ರೂನ್‌ಗಳನ್ನೆಲ್ಲ ಡೆಕ್ಸ್‌ಟೆರಿಟಿಗೆ, ಅಂದರೆ ಕೈಚುರುಕಿಗೆ, ಸುರಿದಿದ್ದೆ, ಕತ್ತಿ ಜೋರಾಗಿ ಬೀಳಲಿ ಅಂತ. ವಿಗರ್, ಅಂದರೆ ಜೀವದ ಅಳತೆ, ನಾನು ಆರಿಸಿದ ಸಮುರಾಯ್ ಪಾತ್ರಕ್ಕೆ ಶುರುವಿನಲ್ಲಿ ಕೊಡುವ 12ರಲ್ಲೇ ನಿಂತಿತ್ತು. ಮಾರ್ಗಿಟ್ ಕೋಲೆತ್ತುತ್ತಾನೆ. ನಾನು ಉರುಳುತ್ತೇನೆ. ಅವನು ಇನ್ನೂ ಹೊಡೆದಿರುವುದೇ ಇಲ್ಲ, ಕೋಲು ಮೇಲೇ ಇರುತ್ತದೆ. ನಾನು ಉರುಳಿ ಎದ್ದು ನಿಂತ ಮೇಲೆ ತಲೆ ಮೇಲೆ ಹಾಕುತ್ತಾನೆ. ಅವನ ವರಸೆಯೇ ಅದು, ಗಾಬರಿಯಾದವರನ್ನು ಕಾದು ಹೊಡೆಯುವುದು. ಮೂರು ವಾರ ಹೀಗೇ ಹೋಯಿತು. ಅಮ್ಮ ರೂಮಿಗೆ ಕಾಫಿ ತಂದಾಗಲೆಲ್ಲ ಪರದೆ ಕೆಂಪಗಿರುತ್ತಿತ್ತು. "ಇವತ್ತು ಎಷ್ಟನೇದು?" ಅಂತ ಕೇಳಿ ಲೋಟ ಇಟ್ಟು ಹೋಗುತ್ತಿದ್ದಳು.

ಕೊನೆಗೆ ಸಿಟ್ಟು ಬಂದು, ಕೋಟೆಗೆ ಬೆನ್ನು ಹಾಕಿ ದಕ್ಷಿಣಕ್ಕೆ ಕುದುರೆ ಓಡಿಸಿದೆ. ಒಂದು ಉದ್ದದ ಸೇತುವೆ ದಾಟಿದರೆ ವೀಪಿಂಗ್ ಪೆನಿನ್ಸುಲಾ. ಯಾವಾಗಲೂ ಮಳೆ ಹನಿಯುವ, ಒಂಥರಾ ನಮ್ಮ ಜುಲೈ ತಿಂಗಳ ಮಲೆನಾಡಿನ ಹಾಗೆ ಕಾಣುವ ಜಾಗ. ಅಲ್ಲಿ ಮೂರು ಪಾಳು ಚರ್ಚ್‌ಗಳಿವೆ. ಮೂರರಲ್ಲೂ ಒಂದೊಂದು ಸೇಕ್ರೆಡ್ ಟಿಯರ್. ಜೀವ ತುಂಬಿಸುವ ಬಾಟಲಿ ಒಂದು ಗುಟುಕಿಗೆ ಎಷ್ಟು ತುಂಬಿಸಬೇಕು ಅನ್ನುವುದನ್ನು ಇವು ಹೆಚ್ಚಿಸುತ್ತವೆ. ಆ ಬಾಟಲಿಗಳ ಸಂಖ್ಯೆ ಹೆಚ್ಚಬೇಕಾದರೆ ಗೋಲ್ಡನ್ ಸೀಡ್ ಬೇಕು. ದಾರಿ ಬದಿಯಲ್ಲಿ ಚಿನ್ನದ ಬಣ್ಣಕ್ಕೆ ಹೊಳೆಯುವ ಪುಟ್ಟ ಗಿಡ ಕಂಡರೆ ಬಿಡಬೇಡಿ, ಅದರ ಬುಡದಲ್ಲೇ ಇರುತ್ತದೆ. ಹತ್ತು ದಿನ ಅಲ್ಲಿ ಇಲ್ಲಿ ತಿರುಗಿ, ಸಿಕ್ಕ ಗುಹೆಗೆಲ್ಲ ಇಣುಕಿ ವಾಪಸ್ ಬಂದಾಗ ಲೆವೆಲ್ 28 ಆಗಿತ್ತು. ಮಾರ್ಗಿಟ್ ಎರಡನೇ ಸಲಕ್ಕೆ ಬಿದ್ದ. ನನ್ನ ಕೈಚಳಕ ಏನೂ ಹೆಚ್ಚಿರಲಿಲ್ಲ. ಒಂದು ಏಟು ತಿಂದರೂ ನಿಂತು ಇನ್ನೊಂದು ನೋಡುವಷ್ಟು ಜೀವ ಇತ್ತು, ಅಷ್ಟೇ.

ಅದಕ್ಕೇ ಹೊಸಬರು ಯಾರೇ ಕೇಳಲಿ, ನಾನು ಮೊದಲು ಹೇಳುವುದು ವಿಗರ್. ಕತ್ತಿ, ಮಂತ್ರ, ಬಿಲ್ಲು ಏನೇ ಹಿಡಿಯಿರಿ, ಮೊದಲ ಹತ್ತು ಹದಿನೈದು ಲೆವೆಲ್‌ನಲ್ಲಿ ಅರ್ಧವಾದರೂ ಇದಕ್ಕೆ ಹಾಕಿ. ಮುಂದೆ 40ರವರೆಗೆ ಹಾಕಿದರೂ ನಷ್ಟವಿಲ್ಲ. ಏಟಿನ ಜೋರು ಶುರುವಿನಲ್ಲಿ ಲೆವೆಲ್‌ನಿಂದ ಜಾಸ್ತಿ ಬರುವುದಿಲ್ಲ, ಕತ್ತಿಯನ್ನು ಸಾಣೆ ಹಿಡಿಸುವುದರಿಂದ ಬರುತ್ತದೆ. ಇದು ನನಗೆ ಎಷ್ಟೋ ತಡವಾಗಿ ಹೊಳೆಯಿತು. ಸ್ಮಿಥಿಂಗ್ ಸ್ಟೋನ್ ಅನ್ನುವ ಕಲ್ಲು ಬೇಕು. ಸಾಣೆಯ ಮೊದಲ ಮೆಟ್ಟಿಲು +1ಕ್ಕೆ ಎರಡು, +2ಕ್ಕೆ ನಾಲ್ಕು, +3ಕ್ಕೆ ಆರು, ಒಟ್ಟು 12. ಲಿಮ್‌ಗ್ರೇವ್ ಟನಲ್ಸ್ ಅನ್ನುವ ಗಣಿಯ ಗೋಡೆಯಲ್ಲೇ ಇವು ಸಿಗುತ್ತವೆ. ಚರ್ಚ್ ಆಫ್ ಎಲ್ಲೆ ಅನ್ನುವ ಪಾಳು ಚರ್ಚ್‌ನಲ್ಲಿ ಕಮ್ಮಾರನ ಅಡಿಗಲ್ಲೊಂದಿದೆ, +3ರವರೆಗೆ ಅಲ್ಲೇ ಆಗುತ್ತದೆ. ಅಕ್ಕನ ಮಗನಿಗೆ ಇದನ್ನು ಮೊದಲ ದಿನವೇ ಹೇಳಿದೆ. ಅವನು ಮೂರನೇ ದಿನ ಕೇಳಿಸಿಕೊಂಡ.

ಆ ಚರ್ಚ್‌ಗೆ ಇನ್ನೊಂದು ಸಲ ಹೋಗಲೇಬೇಕು. ಮೊದಲ ಸಲ ಅಲ್ಲಿರುವುದು ಕಾಲೇ ಅನ್ನುವ ವ್ಯಾಪಾರಿ ಮಾತ್ರ. 300 ರೂನ್ ಕೊಟ್ಟು ಅವನಿಂದ ಕ್ರಾಫ್ಟಿಂಗ್ ಕಿಟ್ ತೆಗೆದುಕೊಳ್ಳಿ. ಮುಂದೆ ಹೋಗಿ ಬಯಲಿನ ಮೂರ್ನಾಲ್ಕು ಗ್ರೇಸ್‌ನಲ್ಲಿ ಕೂತರೆ ಮೆಲಿನಾ ಅನ್ನುವ ಹುಡುಗಿ ಬಂದು ಟೊರೆಂಟ್ ಅನ್ನುವ ಕುದುರೆ ಕೊಡುತ್ತಾಳೆ. ಲೆವೆಲ್ ಏರಿಸುವುದೂ ಅಲ್ಲಿಂದಲೇ ಶುರು. ಕುದುರೆ ಸಿಕ್ಕ ಮೇಲೆ ಚರ್ಚ್‌ಗೆ ವಾಪಸ್ ಬನ್ನಿ. ದೊಡ್ಡ ಟೋಪಿಯ ಮಾಟಗಾತಿಯೊಬ್ಬಳು ಗೋಡೆ ಮೇಲೆ ಕೂತು ಒಂದು ಗಂಟೆಯನ್ನೂ ಮೂರು ತೋಳಗಳನ್ನೂ ಕೊಡುತ್ತಾಳೆ. ಬಾಸ್ ಎದುರು ಗಂಟೆ ಬಾರಿಸಿದರೆ ತೋಳಗಳು ಬಂದು ಅವನ ಗಮನ ಸೆಳೆಯುತ್ತವೆ. ಅಷ್ಟರಲ್ಲಿ ನೀವು ಉಸಿರು ತೆಗೆದುಕೊಳ್ಳಬಹುದು. ತೋಳ ಕರೆದು ಗೆದ್ದರೆ ಗೆದ್ದ ಹಾಗಲ್ಲ ಅನ್ನುವ ಕೆಲವು ಪಂಡಿತರಿದ್ದಾರೆ. ಆಟ ಮಾಡಿದವರೇ ಕೈಗೆ ಕೊಟ್ಟ ಗಂಟೆಯನ್ನು ಬಾರಿಸಲು ಇವರ ಅಪ್ಪಣೆ ಯಾಕೆ ಬೇಕು ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಯಾವ ಪಾತ್ರ ಆರಿಸಲಿ ಅಂತ ತಲೆ ಕೆಡಿಸಿಕೊಳ್ಳಬೇಡಿ. ವ್ಯಾಗಬಾಂಡ್‌ಗೆ ವಿಗರ್ 15 ಇರುತ್ತದೆ, ಒಳ್ಳೆ ಗುರಾಣಿಯೂ ಇದೆ. ಸಮುರಾಯ್‌ಗೆ ಬಿಲ್ಲಿದೆ. ಅಸ್ಟ್ರಾಲಜರ್ ದೂರದಿಂದಲೇ ಮಂತ್ರ ಬಿಡುತ್ತಾನೆ, ಹತ್ತಿರ ಬಂದರೆ ಪಾಪ. ರೆಚ್ ಅನ್ನುವವನು ಮೈಮೇಲೆ ಬಟ್ಟೆಯಿಲ್ಲದೆ, ಕೈಯಲ್ಲೊಂದು ದೊಣ್ಣೆ ಹಿಡಿದು ಲೆವೆಲ್ 1ರಿಂದ ಶುರು ಮಾಡುತ್ತಾನೆ. ಅವನನ್ನು ಎರಡನೇ ಸಲಕ್ಕೆ ಇಟ್ಟುಕೊಳ್ಳಿ. ಗುರಾಣಿ ಇದ್ದವರಿಗೆ ಒಂದು ಉಪಾಯ: ಏಟನ್ನು ತಡೆದ ಕೂಡಲೇ ಜೋರೇಟಿನ ಬಟನ್ ಒತ್ತಿ. ಗಾರ್ಡ್ ಕೌಂಟರ್ ಅನ್ನುತ್ತಾರೆ. ಶುರುವಿನ ಸೈನಿಕರಿಗೆಲ್ಲ ಇದೊಂದೇ ಸಾಕು.

ಮೈಮೇಲೆ ಹೊತ್ತ ಭಾರ 70 ಪರ್ಸೆಂಟ್ ದಾಟದ ಹಾಗೆ ನೋಡಿಕೊಳ್ಳಿ. ದಾಟಿದರೆ ಉರುಳುವಾಗ ಅಕ್ಕಿ ಮೂಟೆ ಬಿದ್ದ ಹಾಗೆ ಧೊಪ್ಪೆಂದು ಬೀಳುತ್ತೀರಿ. ಸತ್ತರೆ ರೂನ್‌ಗಳು ಬಿದ್ದ ಜಾಗದಲ್ಲೇ ಇರುತ್ತವೆ, ಹೋಗಿ ಎತ್ತಿಕೊಳ್ಳಬಹುದು. ಅಷ್ಟರೊಳಗೆ ಇನ್ನೊಂದು ಸಲ ಸತ್ತರೆ ಮುಗಿಯಿತು, ಪೂರ್ತಿ ಹೋಯಿತು. ದೊಡ್ಡ ಬಾಸ್ ಕೋಣೆಗೆ ಹೋಗುವ ಮುಂಚೆ ಕೈಯಲ್ಲಿರುವುದನ್ನೆಲ್ಲ ಖರ್ಚು ಮಾಡಿಬಿಡಿ. ಬರಿಗೈಯಲ್ಲಿ ಹೋದವನಿಗೆ ಕಳೆದುಕೊಳ್ಳುವ ಭಯ ಇರಲ್ಲ.

ಆಟವನ್ನು ನಡುವೆ ತಡೆದು ನಿಲ್ಲಿಸುವ ಪಾಜ್ ಬಟನ್ ಇಲ್ಲ. ಮನೆ ತುಂಬ ಜನರಿರುವವರಿಗೆ ಇದು ನಿಜಕ್ಕೂ ಕಷ್ಟ. ಗ್ಯಾಸ್ ಸಿಲಿಂಡರ್ ಬಂದು ಬೆಲ್ ಹೊಡೆದರೆ ಡ್ರಾಗನ್ ಕಾಯುವುದಿಲ್ಲ. ಒಂದು ಒಳದಾರಿ ಇದೆ: ಸಾಮಾನಿನ ಪಟ್ಟಿ ತೆರೆದು, ಹೆಲ್ಪ್ ಬಟನ್ ಒತ್ತಿ, ಮೆನು ಎಕ್ಸ್‌ಪ್ಲನೇಷನ್ ಆರಿಸಿದರೆ ಆಟ ಅಲ್ಲೇ ನಿಲ್ಲುತ್ತದೆ. ಇದನ್ನು ಯಾಕೆ ಹೀಗೆ ಬಚ್ಚಿಟ್ಟಿದ್ದಾರೋ ದೇವರೇ ಬಲ್ಲ.

ನೆಲದ ಮೇಲೆ ಹೊಳೆಯುವ ಬರಹಗಳು ಬೇರೆ ಆಟಗಾರರು ಬಿಟ್ಟವು. ಅರ್ಧ ನಿಜ, ಅರ್ಧ ಕಿಡಿಗೇಡಿತನ. ಬಂಡೆಯಂಚಿನಲ್ಲಿ "ಹಾರಿ ನೋಡು" ಅಂತ ಬರೆದಿದ್ದರೆ ಪಕ್ಕದಲ್ಲಿ ರಕ್ತದ ಕಲೆ ಇದೆಯಾ ನೋಡಿ. ಕಲೆ ಮುಟ್ಟಿದರೆ ಇನ್ನೊಬ್ಬ ಆಟಗಾರ ಹೇಗೆ ಸತ್ತ ಅಂತ ನೆರಳಿನಂತೆ ತೋರಿಸುತ್ತದೆ. ಒಮ್ಮೆ ಒಂದೇ ಅಂಚಿನಲ್ಲಿ ಏಳು ಕಲೆ ಇದ್ದವು. ಏಳು ಜನವೂ ಓಡಿ ಬಂದು ಆ ಮಾತು ನಂಬಿ ಹಾರಿದ್ದರು. ಎಂಟನೆಯವನು ನಾನು.

ಹಿಡಿಸದ ವಿಷಯಗಳೂ ಇವೆ. ಪಾತ್ರಗಳ ಕಥೆ ಮುಂದುವರಿಸಲು ಮುಂದೆ ಎಲ್ಲಿಗೆ ಹೋಗಬೇಕು ಅಂತ ಯಾರೂ ಹೇಳುವುದಿಲ್ಲ. ಒಬ್ಬ ಮನುಷ್ಯ ಒಂದು ವಾಕ್ಯ ಹೇಳಿ ಕಣ್ಮರೆಯಾದರೆ, ಅವನು ಮತ್ತೆ ಸಿಗುವುದು 30 ಗಂಟೆಯ ನಂತರ ಯಾವುದೋ ಬೆಟ್ಟದ ಮೇಲೆ ಹೆಣವಾಗಿ. ಕ್ಯಾಟಕೂಂಬ್ ಅನ್ನುವ ನೆಲದಡಿಯ ಸಮಾಧಿಗಳಲ್ಲಿ ಬಾಸ್‌ಗಳು ಮತ್ತೆ ಮತ್ತೆ ಅವರೇ ಬರುತ್ತಾರೆ. ಕೊನೆಕೊನೆಯ ಹಿಮದ ಬೆಟ್ಟಕ್ಕೆ ಬರುವ ಹೊತ್ತಿಗೆ ಮಾಡಿದವರಿಗೂ ಸುಸ್ತಾಗಿತ್ತೇನೋ ಅನಿಸುತ್ತದೆ. ಡ್ರಾಗನ್ ಹೊಟ್ಟೆ ಕೆಳಗೆ ನಿಂತರೆ ಕ್ಯಾಮೆರಾ ತೋರಿಸುವುದು ಅದರ ಕಾಲುಗುರು ಮಾತ್ರ. ಭಾರತದ ಯಾವ ಭಾಷೆಯೂ ಇಲ್ಲ, ಇರುವ ಇಂಗ್ಲಿಷ್ ಕೂಡ ಹಳೇ ಕಾಲದ ಗತ್ತಿನದು. ಪಿಸಿಯಲ್ಲಿ ಸೆಕೆಂಡಿಗೆ 60 ಫ್ರೇಮ್‌ಗಿಂತ ಮೇಲೆ ಹೋಗಲ್ಲ. ಕನಿಷ್ಠ 12 ಜಿಬಿ ರ‍್ಯಾಮ್, 60 ಜಿಬಿ ಜಾಗ ಕೇಳುತ್ತದೆ, ಹಳೇ ಲ್ಯಾಪ್‌ಟಾಪ್ ಇರುವವರು ಮೊದಲು ಅದನ್ನು ನೋಡಿಕೊಳ್ಳಿ.

2024ರ ಜೂನ್ 21ಕ್ಕೆ ಬಂದ, ಇದೇ ಆಟದ ಹೆಚ್ಚುವರಿ ಭಾಗವಾದ ಶ್ಯಾಡೋ ಆಫ್ ದ ಎರ್ಡ್‌ಟ್ರೀ ಬಗ್ಗೆ ಹೊಸಬರು ಈಗಲೇ ಯೋಚಿಸುವುದು ಬೇಡ. ಮೂಲ ಆಟದಲ್ಲಿ ರಾಡಾನ್ ಮತ್ತು ಮೋಗ್ ಅನ್ನುವ ಬಾಸ್‌ಗಳಿಬ್ಬರನ್ನೂ ಸೋಲಿಸದೆ ಅದರ ಬಾಗಿಲೇ ತೆರೆಯಲ್ಲ. ಆಫರ್‌ನಲ್ಲಿ ಎರಡೂ ಸೇರಿ ಸಿಕ್ಕರೆ ತೆಗೆದಿಟ್ಟುಕೊಳ್ಳಿ, ತಪ್ಪಿಲ್ಲ. ನನ್ನ ಮಟ್ಟಿಗೆ ಐದಕ್ಕೆ ನಾಲ್ಕೂವರೆ. ಅರ್ಧ ಕಳೆದದ್ದು ಆ ಕಾಲುಗುರಿಗೆ.

ಅಕ್ಕನ ಮಗ ಈಗ ತನ್ನೂರಿನಲ್ಲಿ ಆಡುತ್ತಿದ್ದಾನೆ. ಮಾರ್ಗಿಟ್ ಹತ್ತಿರ ಐದು ಸಲ ಸತ್ತು, ಅವನಾಗಿಯೇ ಬಿಟ್ಟು ಬಂದು ಸುತ್ತಾಡುತ್ತಿದ್ದಾನಂತೆ. ಮೊನ್ನೆ ರಾತ್ರಿ ಫೋನ್ ಮಾಡಿದ್ದ.

"ಮಾಮ, ಕೆರೆ ಹತ್ತಿರ ಒಂದು ಸುಟ್ಟ ಪಾಳು ಕಟ್ಟಡ ಇದೆಯಲ್ಲ, ಅಲ್ಲಿ ಕೆಳಗೆ ಮೆಟ್ಟಿಲು ಸಿಕ್ತು. ಒಳಗೆ ದೊಡ್ಡ ಪೆಟ್ಟಿಗೆ ಇದೆ. ತೆಗೀಲಾ?"

ಆ ಪೆಟ್ಟಿಗೆಯಲ್ಲಿರುವುದು ಹೊಗೆ. ತೆಗೆದವರನ್ನು ಅದು ಎತ್ತಿಕೊಂಡು ಹೋಗಿ ಕೇಲಿಡ್ ಅನ್ನುವ ಬೇರೆಯದೇ ಸೀಮೆಯ ಗಣಿಯೊಳಗೆ ಬಿಸಾಕುತ್ತದೆ. ಹೊರಗೆ ಬರುವವರೆಗೆ ಮ್ಯಾಪ್ ತೆರೆದು ಎಲ್ಲಿಗೂ ಹಾರುವ ಹಾಗಿಲ್ಲ.

"ತೆಗಿ ತೆಗಿ," ಅಂದೆ.