ಫೋಟೊ ಪ್ರಿಂಟರ್ ಕೊಳ್ಳುತ್ತಿದ್ದೀರಾ? ಇಂಕ್ ತುಂಬಲು ಅಂಗಡಿಯವರ ಕೈಗೆ ಕೊಡಬೇಡಿ

ಮೊದಲು ಮುಖ್ಯವಾದ ಮಾತು ಹೇಳಿಬಿಡುತ್ತೇನೆ. ಹೊಸ ಫೋಟೊ ಪ್ರಿಂಟರ್ ಕೊಂಡರೆ ಡಬ್ಬದ ಸೀಲ್ ಒಡೆಸದೆ ಮನೆಗೆ ತನ್ನಿ. ಇಂಕ್ ನೀವೇ ತುಂಬಿ. "ಇಲ್ಲೇ ತುಂಬಿ, ಟೆಸ್ಟ್ ಮಾಡಿ ಕೊಡ್ತೀವಿ ಸರ್, ಫ್ರೀ" ಅಂದರೆ ಬೇಡ ಅನ್ನಿ. ಎಷ್ಟು ಬಲವಂತ ಮಾಡಿದರೂ ಬೇಡ ಅನ್ನಿ. ನಾನು ಹೂಂ ಅಂದೆ. ಅದಕ್ಕೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ತಂಗಿಯ ಸೀಮಂತ ಜನವರಿಯಲ್ಲಿತ್ತು. ಫೋಟೊಗಳನ್ನು ಮನೆಯಲ್ಲೇ ಪ್ರಿಂಟ್ ಮಾಡಿ, ಬಂದ 40 ಮನೆಯವರಿಗೂ ನಾಲ್ಕು ನಾಲ್ಕು ಕೊಡಬೇಕು ಅಂತ ನನಗೆ ಆಸೆ. ಡಿಸೆಂಬರ್‌ನಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಆರು ಬಣ್ಣದ ಇಂಕ್ ಟ್ಯಾಂಕ್ ಪ್ರಿಂಟರ್ ತಗೊಂಡೆ. 19,500 ರೂಪಾಯಿ. ಮಾಮೂಲಿ ನಾಲ್ಕು ಬಣ್ಣದ ಜೊತೆ ತಿಳಿ ಸಯಾನ್ (ಹಸಿರು ಬೆರೆತ ನೀಲಿ), ತಿಳಿ ಮೆಜೆಂಟಾ (ನೇರಳೆ ಬೆರೆತ ಕೆಂಪು) ಇರುವಂಥದ್ದು. ಮುಖದ ಬಣ್ಣ ನಯವಾಗಿ ಬರಲಿ ಅಂತಲೇ ಇದನ್ನು ಆರಿಸಿದ್ದು. ಆ ರಸ್ತೆಯಲ್ಲಿ ಒಳ್ಳೆಯ ಅಂಗಡಿಗಳೂ ಇವೆ, ಅಲ್ಲಿಂದ ತಂದ ಎಷ್ಟೋ ಸಾಮಾನು ನಮ್ಮ ಮನೆಯಲ್ಲಿ ಚೆನ್ನಾಗಿ ನಡೆಯುತ್ತಿವೆ. ನಾನು ಹೊಕ್ಕ ಅಂಗಡಿ ಮಾತ್ರ ಅಂಥದ್ದಲ್ಲ.

ಹಣ ಕೊಟ್ಟ ಮೇಲೆ ಅಂಗಡಿಯವನು ಹೇಳಿದ: "ಸರ್, ಮನೆಗೆ ಹೋಗಿ ತುಂಬೋಕೆ ಹೋದರೆ ಚೆಲ್ಲಿಕೊಳ್ತೀರ. ನಮ್ಮ ಹುಡುಗ ತುಂಬಿ ಕೊಡ್ತಾನೆ. ಇಪ್ಪತ್ತು ನಿಮಿಷ ಆಗುತ್ತೆ, ಟೀ ಕುಡಿದು ಬನ್ನಿ."

ಟೀ ಕುಡಿದು ಬಂದೆ. ಈಗ ಅದನ್ನು ನೆನೆಸಿಕೊಂಡರೆ ಮೈ ಉರಿಯುತ್ತದೆ.

ವಾಪಸ್ ಬಂದಾಗ ಪ್ರಿಂಟರ್ ರೆಡಿ. ಒಂದು ಹೂವಿನ ಫೋಟೊ ಪ್ರಿಂಟ್ ಮಾಡಿ ಕೈಗಿಟ್ಟರು. ಫಳಫಳ ಹೊಳೆಯುತ್ತಿತ್ತು. ಡಬ್ಬದೊಳಗೆ ನೋಡಿದೆ. ಇಂಕ್ ಬಾಟ್ಲಿ ಕೂರುವ ಆರು ಗುಂಡಿಗಳೂ ಖಾಲಿ. "ಖಾಲಿ ಬಾಟ್ಲಿ ಎಲ್ರೀ?" ಅಂತ ಕೇಳಿದೆ. ಕೇಳಿದೆ! ಅಂದರೆ ನನಗೆ ಅನುಮಾನ ಬಂದಿತ್ತು. "ಕಸಕ್ಕೆ ಹಾಕಿದ್ವಿ ಸರ್, ಕೈಗೆಲ್ಲ ಹತ್ತುತ್ತಲ್ವಾ" ಅಂದ. ಅಷ್ಟಕ್ಕೆ ಸುಮ್ಮನಾದೆ. ಜೊತೆಗೆ ಅವನೇ ಕೊಟ್ಟ ಗ್ಲಾಸಿ ಪೇಪರ್ ನಾಲ್ಕು ಪ್ಯಾಕ್ ತಗೊಂಡೆ. 4x6 ಇಂಚಿನ ಸೈಜ್, ಪ್ಯಾಕಿಗೆ 50 ಹಾಳೆ, ಮೇಲೆ ಪೇಪರಿನ ತೂಕದ ಅಳತೆ 270 ಜಿಎಸ್ಎಂ ಅಂತ ಅಚ್ಚಾಗಿತ್ತು. ಬಿಲ್ ಕೇಳಿದ್ದಕ್ಕೆ "ಜಿಎಸ್‌ಟಿ ಬಿಲ್ ಬೇಕಂದ್ರೆ ರೇಟ್ ಜಾಸ್ತಿ ಆಗುತ್ತೆ" ಅಂತ ಕೈಬರಹದ ಒಂದು ಎಸ್ಟಿಮೇಟ್ ಚೀಟಿ ಕೊಟ್ಟ. ಅದನ್ನೂ ಒಪ್ಪಿಕೊಂಡೆ.

ಇಂಕ್ ತುಂಬಿದ ಪ್ರಿಂಟರನ್ನು ಹೀಗೆ ಸಾಗಿಸಲೇಬಾರದು. ವಾಲಿದರೆ ಇಂಕ್ ಸೋರುತ್ತದೆ, ಪೈಪಿನೊಳಗೆ ಗಾಳಿ ಸೇರುತ್ತದೆ. ನಾನು ಆಟೋದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದೆ. ಇದೊಂದು ವಿಷಯ ಅವತ್ತು ಗೊತ್ತಿದ್ದರೆ ಅಂಗಡಿಯಲ್ಲಿ ತುಂಬಿಸುತ್ತಲೇ ಇರಲಿಲ್ಲ.

ಪ್ರಿಂಟ್ ಮಾಡುವಾಗ ನನ್ನ ಕಡೆಯಿಂದ ತಪ್ಪಾಗಿಲ್ಲ. ವಾಟ್ಸಾಪ್‌ನಲ್ಲಿ ಕುಗ್ಗಿ ಬಂದ ಫೋಟೊ ಬಳಸಲಿಲ್ಲ, ಫೋಟೊಗ್ರಾಫರ್ ಹತ್ತಿರ ಪೆನ್‌ಡ್ರೈವ್‌ನಲ್ಲಿ ಮೂಲ ಫೈಲನ್ನೇ ತಗೊಂಡೆ. 4x6ಕ್ಕೆ 1200x1800 ಪಿಕ್ಸೆಲ್ ಇದ್ದರೆ ಇಂಚಿಗೆ 300 ಸಿಗುತ್ತದೆ, ಅದಕ್ಕಿಂತ ಜಾಸ್ತಿಯೇ ಇತ್ತು. ಸೆಟ್ಟಿಂಗ್‌ನಲ್ಲಿ ಪ್ಲೇನ್ ಪೇಪರ್ ಅಂತ ಬಿಡದೆ ಗ್ಲಾಸಿ ಫೋಟೊ ಪೇಪರ್ ಅಂತಲೇ ಆರಿಸಿದೆ. ಅದನ್ನು ತಪ್ಪಾಗಿ ಕೊಟ್ಟರೆ ಎಷ್ಟು ಇಂಕ್ ಬಿಡಬೇಕು ಅನ್ನುವ ಲೆಕ್ಕವೇ ತಪ್ಪಿ ಬಣ್ಣ ಮಂಕಾಗುತ್ತದೆ. ಇಂಕ್ ಚಿಮ್ಮುವ ಸಣ್ಣ ತೂತುಗಳು ಕಟ್ಟಿಲ್ಲ ತಾನೇ ಅಂತ ನಾಝಲ್ ಚೆಕ್ ಮಾಡಿದೆ. ಪ್ರಿಂಟ್ ಆದದ್ದನ್ನು ಒಂದರ ಮೇಲೊಂದು ಪೇರಿಸದೆ ಒಂದು ದಿನ ಒಣಗಲು ಬಿಟ್ಟೆ. 160 ಫೋಟೊ. ಎಲ್ಲರಿಗೂ ಕವರ್‌ನಲ್ಲಿ ಹಾಕಿ ಕೊಟ್ಟೆ. ಎಷ್ಟು ಹೊಗಳಿದ್ದರು ಗೊತ್ತಾ?

ಯುಗಾದಿಗೆ ದೊಡ್ಡಪ್ಪನ ಮನೆಗೆ ಹೋದೆವು. ಫ್ರಿಜ್ ಬಾಗಿಲಿನ ಮೇಲೆ ನಾನು ಕೊಟ್ಟ ಫೋಟೊ. ದೊಡ್ಡಮ್ಮ ಎಲ್ಲರ ಎದುರಿಗೆ ಕೇಳಿದರು: "ಅಲ್ಲ ಕಣೋ, ಸೀಮಂತಕ್ಕೆ ಹಸಿರು ಸೀರೆ ಅಲ್ವಾ ಉಡಿಸಿದ್ದು? ಇದರಲ್ಲಿ ಹಳದಿ ಕಾಣ್ತಿದೆ."

ಹೌದು. ಸೀರೆ ಹಳದಿ. ಕೈತುಂಬ ಹಸಿರು ಬಳೆ ತೊಡಿಸಿದ್ದೆವಲ್ಲ, ಅವೂ ಹಳದಿ. ತಂಗಿಯ ಮುಖ ಕೆಂಪು ಕೆಂಪು. ಎರಡೇ ತಿಂಗಳಲ್ಲಿ! ನನಗೆ ತಲೆ ಎತ್ತಲು ಆಗಲಿಲ್ಲ. ಆಮೇಲೆ ಒಬ್ಬೊಬ್ಬರಿಗೇ ಫೋನ್ ಮಾಡಿ ಕೇಳಿದೆ. ಗೋಡೆಗೆ, ಬೀರುವಿಗೆ ಅಂಟಿಸಿದವರದ್ದೆಲ್ಲ ಇದೇ ಕಥೆ. ಆಲ್ಬಮ್ ಒಳಗಿಟ್ಟವರದ್ದು ಪರವಾಗಿಲ್ಲ.

ಯಾಕೆ ಹೀಗೆ ಅಂತ ಆಮೇಲೆ ತಿಳಿಯಿತು. ಈ ಪ್ರಿಂಟರ್‌ನಲ್ಲಿ ಹಸಿರು ಅನ್ನುವ ಇಂಕೇ ಇಲ್ಲ. ಸಯಾನ್ ಮತ್ತು ಹಳದಿ ಸೇರಿ ಹಸಿರು ಕಾಣುವುದು. ಸಯಾನ್ ಹಾರಿಹೋದರೆ ಉಳಿಯುವುದು ಹಳದಿ. ಅಗ್ಗದ ಗ್ಲಾಸಿ ಪೇಪರ್ ಮೇಲಿನ ಲೇಪದಲ್ಲಿ ಸಣ್ಣ ಸಣ್ಣ ರಂಧ್ರ ಇರುತ್ತವೆ. ಇಂಕ್ ತಕ್ಷಣ ಒಣಗಿದ ಹಾಗೆ ಕಾಣುತ್ತದೆ, ಆದರೆ ಗಾಳಿಯೂ ಅದೇ ರಂಧ್ರದಲ್ಲಿ ಒಳಗೆ ಹೋಗುತ್ತದೆ. ಗಾಳಿಯಲ್ಲಿರುವ ಓಝೋನ್ ಮತ್ತು ಬೆಳಕು ಎರಡೂ ಸೇರಿ ಕಳಪೆ ಇಂಕಿನ ಬಣ್ಣ ತಿಂದುಹಾಕುತ್ತವೆ. ಆಲ್ಬಮ್ ಒಳಗೆ ಗಾಳಿ, ಬೆಳಕು ಕಡಿಮೆ, ಹಾಗಾಗಿ ಅವು ಉಳಿದುಕೊಂಡಿದ್ದವು.

ಅಷ್ಟರಲ್ಲಿ ಪ್ರಿಂಟ್‌ನಲ್ಲಿ ಅಡ್ಡ ಗೆರೆ ಬರಲು ಶುರುವಾಯಿತು. ಕಂಪನಿಯ ಸರ್ವಿಸ್ ಎಂಜಿನಿಯರ್ ಮನೆಗೆ ಬಂದರು. ಅವರು ಕೇಳಿದ ಮೊದಲ ಮಾತೇ, "ಡಬ್ಬದಲ್ಲಿ ಬಂದ ಬಾಟ್ಲಿ ತೋರಿಸಿ." ನನ್ನ ಹತ್ತಿರ ಎಲ್ಲಿದೆ? ಅವರು ಟಿಶ್ಯೂ ಮೇಲೆ ನನ್ನ ಟ್ಯಾಂಕಿನ ಸಯಾನ್ ಒಂದು ಹನಿ, ತಮ್ಮ ಬಾಟ್ಲಿಯ ಸಯಾನ್ ಒಂದು ಹನಿ ಹಾಕಿದರು. ಎರಡೂ ಬೇರೆ ಬಣ್ಣ. ಬರಿಗಣ್ಣಿಗೆ ಗೊತ್ತಾಗುತ್ತಿತ್ತು. "ಇದು ನಮ್ಮ ಇಂಕ್ ಅಲ್ಲ ಸರ್. ಇಂಕ್ ಚಿಮ್ಮುವ ಹೆಡ್ ಕಟ್ಟಿಕೊಂಡಿದೆ. ಬೇರೆ ಇಂಕಿನಿಂದ ಹಾಳಾದದ್ದು ವಾರಂಟಿಗೆ ಬರಲ್ಲ." ನನ್ನ ಆರು ಬಾಟ್ಲಿ ಒರಿಜಿನಲ್ ಇಂಕನ್ನು ಅಂಗಡಿಯವನು ಇಟ್ಟುಕೊಂಡು, ಯಾವುದೋ ಅಗ್ಗದ ಕಂಪ್ಯಾಟಿಬಲ್ ಇಂಕ್, ಅಂದರೆ ಬೇರೆ ಕಂಪನಿಯವರು ಮಾಡಿದ ಇಂಕ್ ತುಂಬಿದ್ದ. ನಾನು ಟೀ ಕುಡಿಯುತ್ತಿದ್ದಾಗ!

ಫೋನ್ ಮಾಡಿದೆ. ಅವನ ಉತ್ತರಗಳನ್ನು ಹಾಗೇ ಬರೆಯುತ್ತೇನೆ, ನೀವೇ ನೋಡಿ.

ಮೊದಲ ದಿನ: "ಬಿಸಿಲಿಗೆ ಇಟ್ಟಿರ್ತೀರ ಸರ್." ಫ್ರಿಜ್ ಇರುವುದು ಅಡುಗೆಮನೆಯಲ್ಲಿ, ಅಲ್ಲಿ ಎಲ್ಲಿಯ ಬಿಸಿಲು?

ಎರಡನೇ ಸಲ: "ಪೇಪರ್ ಲೋಕಲ್ ಇರ್ಬೇಕು." ನಿಮ್ಮದೇ ಪೇಪರ್ ಅಲ್ವೇನ್ರೀ ಅಂದೆ. ಲೈನ್ ಕಟ್.

ಮೂರನೇ ಸಲ: "ಎಲ್ಲ ಸ್ಟುಡಿಯೋದವರೂ ಇದೇ ಇಂಕ್ ಹಾಕೋದು ಸರ್, ಬಾಟ್ಲಿ ಮಾತ್ರ ಬೇರೆ." ಅಂದರೆ ಬೇರೆ ಬಾಟ್ಲಿ ಅಂತ ತಾನೇ ಒಪ್ಪಿಕೊಂಡ ಹಾಗಾಯಿತು. ಹಾಗಾದರೆ ನನ್ನ ಬಾಟ್ಲಿ ಎಲ್ಲಿ ಅಂತ ಕೇಳಿದೆ. "ಬಿಲ್ ಇದೆಯಾ ನಿಮ್ಮ ಹತ್ರ?" ಅಂದ.

ಆ ಒಂದು ಪ್ರಶ್ನೆ ಕೇಳಿದ ಮೇಲೆ ಎರಡು ರಾತ್ರಿ ನಿದ್ದೆ ಬರಲಿಲ್ಲ. ಬಿಲ್ ಕೊಡದೇ ಇದ್ದವನು ಅವನೇ, ಬಿಲ್ ಇದೆಯಾ ಅಂತ ಕೇಳುವವನೂ ಅವನೇ.

ಪೇಪರ್ ಮೇಲೂ ಅನುಮಾನ ಬಂತು. ಬಳಸದೆ ಉಳಿದಿದ್ದ ಹಾಳೆಗಳಲ್ಲಿ ಹತ್ತನ್ನು ಅಡುಗೆಮನೆಯ ತೂಕದ ಮಷಿನ್ ಮೇಲೆ ಇಟ್ಟೆ. 270 ಜಿಎಸ್ಎಂ ಅಂದರೆ ಒಂದು ಚದರ ಮೀಟರಿಗೆ 270 ಗ್ರಾಂ. ಆ ಲೆಕ್ಕದಲ್ಲಿ 4x6ರ ಹತ್ತು ಹಾಳೆ ಸುಮಾರು 42 ಗ್ರಾಂ ತೂಗಬೇಕು. ಬಂದದ್ದು 30 ಗ್ರಾಂ. ನಿಮ್ಮ ಮನೆಯಲ್ಲಿರುವ ಪ್ಯಾಕನ್ನೂ ಹೀಗೆ ಒಮ್ಮೆ ತೂಗಿ ನೋಡಿ.

ಹೆಡ್ ಸ್ವಚ್ಛ ಮಾಡಿಸಿ, ಹಳೆ ಇಂಕ್ ತೆಗೆಸಿ, ಆರು ಹೊಸ ಬಾಟ್ಲಿ ತರುವಷ್ಟರಲ್ಲಿ ಐದು ಸಾವಿರದ ಹತ್ತಿರ ಖರ್ಚಾಯಿತು. ಈಗ ಪ್ರಿಂಟರ್ ಕಂಪನಿಯದೇ ಪೇಪರ್ ಬಳಸುತ್ತಿದ್ದೇನೆ, ಬಣ್ಣ ಸರಿಯಾಗಿ ಬರುತ್ತಿದೆ. ಪ್ರಿಂಟರ್ ಎಷ್ಟೇ ದುಬಾರಿಯದಾಗಲಿ, ಫೋಟೊ ಉಳಿಯುವುದು ಇಂಕ್ ಮತ್ತು ಪೇಪರ್ ಮೇಲೆ. ಜಿಎಸ್‌ಟಿ ಬಿಲ್ ಇಲ್ಲದೆ ಹಣ ಕೊಡಬೇಡಿ. ಖಾಲಿ ಬಾಟ್ಲಿಗಳನ್ನು ವಾರಂಟಿ ಮುಗಿಯುವವರೆಗೆ ಎಸೆಯಬೇಡಿ. ನಾಲ್ಕೈದು ದಿನಕ್ಕೊಮ್ಮೆ ಒಂದು ಬಣ್ಣದ ಪ್ರಿಂಟ್ ತೆಗೆಯಿರಿ, ಇಲ್ಲದಿದ್ದರೆ ಒಳ್ಳೆಯ ಇಂಕೂ ಹೆಡ್‌ನಲ್ಲಿ ಒಣಗುತ್ತದೆ.

ನಾನು ಹಣ ಯುಪಿಐನಲ್ಲಿ ಕೊಟ್ಟಿದ್ದೆ, ಆ ದಾಖಲೆ ಇದೆ. ಎಸ್ಟಿಮೇಟ್ ಚೀಟಿ ಇದೆ. ಎಂಜಿನಿಯರ್ ಬರೆದುಕೊಟ್ಟ ರಿಪೋರ್ಟ್ ಇದೆ. ಮೊನ್ನೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟೆ. ಇಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ದೂರಿನ ಶುಲ್ಕವೂ ಇಲ್ಲ. ದೂರಿನ ನಂಬರನ್ನು ಅಂಗಡಿಯವನಿಗೆ ವಾಟ್ಸಾಪ್‌ನಲ್ಲಿ ಕಳಿಸಿದೆ. ಎರಡು ನೀಲಿ ಟಿಕ್ ಬಿದ್ದು ಮೂರು ದಿನ ಆಯಿತು. ಉತ್ತರ ಇಲ್ಲ.