ಗ್ಲೈಕಾಲಿಕ್, ಗ್ಲುಕೋನೊಲ್ಯಾಕ್ಟೋನ್, ಲ್ಯಾಕ್ಟೋಬಯೋನಿಕ್: ಒಂದೇ ಮುಖದ ಮೇಲೆ ಮೂರು ಆಮ್ಲಗಳು

ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡುವ ನನಗೆ ಗ್ಲುಕೋನಿಕ್ ಆಮ್ಲದ ಪರಿಚಯವಾದದ್ದು ತುರ್ತು ಚಿಕಿತ್ಸೆಯ ಟ್ರಾಲಿಯಲ್ಲಿರುವ ಕ್ಯಾಲ್ಸಿಯಂ ಗ್ಲುಕೋನೇಟ್ ಆಂಪ್ಯೂಲುಗಳಿಂದ. ರಕ್ತದಲ್ಲಿ ಪೊಟ್ಯಾಸಿಯಂ ಅಪಾಯಕಾರಿಯಾಗಿ ಏರಿದಾಗ ಹೃದಯದ ರಕ್ಷಣೆಗೆ ಕೊಡುವ ಶೇ. 10ರ ಈ ದ್ರಾವಣದಲ್ಲಿ, ಅಷ್ಟೇ ಸಾಂದ್ರತೆಯ ಕ್ಯಾಲ್ಸಿಯಂ ಕ್ಲೋರೈಡಿನಲ್ಲಿರುವುದರ ಸುಮಾರು ಮೂರರಲ್ಲಿ ಒಂದು ಪಾಲು ಕ್ಯಾಲ್ಸಿಯಂ ಮಾತ್ರ ಇರುತ್ತದೆ. ಆದರೂ ಕೈಯ ರಕ್ತನಾಳಕ್ಕೆ ಕೊಡುವಾಗ ವೈದ್ಯರು ಸಾಮಾನ್ಯವಾಗಿ ಗ್ಲುಕೋನೇಟನ್ನೇ ಕೇಳುತ್ತಾರೆ. ನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಮಾಂಸ ಸಾಯುವ ಭಯ ಕ್ಲೋರೈಡಿನಲ್ಲಿ ಹೆಚ್ಚು.

ಇದೇ ಆಮ್ಲ ಗ್ಲುಕೋನೊಲ್ಯಾಕ್ಟೋನ್ ಎಂಬ ರೂಪದಲ್ಲಿ ಮುಖದ ಲೋಷನ್ನಿನಲ್ಲಿ ಕಂಡಾಗ ಕುತೂಹಲವಾಯಿತು. ಹೀಗಾಗಿ ಅದನ್ನು, ಚರ್ಮ ನುಣುಪಾಗಲೆಂದು ಹಚ್ಚುವ ಗ್ಲೈಕಾಲಿಕ್ ಮತ್ತು ಲ್ಯಾಕ್ಟೋಬಯೋನಿಕ್ ಆಮ್ಲಗಳ ಜೊತೆಗಿಟ್ಟು, ಒಂದೊಂದನ್ನು ಆರು ವಾರಗಳಂತೆ, ವಾರಕ್ಕೆ ಮೂರು ರಾತ್ರಿ ಹಚ್ಚಿ ನೋಡಿದೆ. ನಡುವೆ ಋತು ಬದಲಾದದ್ದರಿಂದ ಈ ಪರೀಕ್ಷೆ ಪೂರ್ತಿ ನ್ಯಾಯವಾದದ್ದಲ್ಲ.

ಮೊದಲು ಹಚ್ಚಿದ್ದು ಗ್ಲೈಕಾಲಿಕ್. ಎರಡೇ ವಾರಗಳಲ್ಲಿ ಹಣೆಯ ಒರಟು ಹೋಗಿ ಚರ್ಮ ನುಣುಪಾಯಿತು. ಇಷ್ಟು ಬೇಗ ಫಲ ಕೊಟ್ಟದ್ದು ಇನ್ನೊಂದಿಲ್ಲ. ಆದರೆ ಹಚ್ಚಿದ ಕೂಡಲೇ ಮೂಗಿನ ಅಂಚು ಚುರುಗುಟ್ಟುತ್ತಿತ್ತು, ನಾಲ್ಕನೆಯ ವಾರಕ್ಕೆ ಕೆನ್ನೆ ಕೆಂಪಾಗಿ ಸಿಪ್ಪೆ ಎದ್ದಿತು, ಬಿಸಿಲಿಗೆ ಹೋದರೆ ಉರಿಯೂ ಸೇರಿಕೊಂಡಿತು.

ಗ್ಲುಕೋನೊಲ್ಯಾಕ್ಟೋನ್ ನೀರಿನಲ್ಲಿ ನಿಧಾನವಾಗಿ ಗ್ಲುಕೋನಿಕ್ ಆಮ್ಲವಾಗುತ್ತದೆ. ಈ ಆಮ್ಲಕ್ಕೂ ಗ್ಲೈಕಾಲಿಕ್‌ಗೂ ಆಮ್ಲೀಯ ಬಲದಲ್ಲಿ ಹೆಚ್ಚು ಅಂತರವಿಲ್ಲ, ಆ ಬಲವನ್ನು ಸೂಚಿಸುವ ಪಿಕೆಎ ಮೌಲ್ಯ ಎರಡಕ್ಕೂ 3.8ರ ಆಸುಪಾಸಿನದು, ಅಂತರವಿರುವುದು ಗಾತ್ರದಲ್ಲಿ. ಗ್ಲೈಕಾಲಿಕ್‌ನ ಅಣುತೂಕ 76, ಗ್ಲುಕೋನೊಲ್ಯಾಕ್ಟೋನಿನದು 178. ದೊಡ್ಡ ಅಣು ಚರ್ಮದೊಳಗೆ ತಡವಾಗಿ ಇಳಿಯುವುದರಿಂದಲೋ ಏನೋ, ಆರು ವಾರಗಳಲ್ಲಿ ಒಮ್ಮೆಯೂ ಉರಿಯಲಿಲ್ಲ. ನುಣುಪು ಕಾಣಲು ಮಾತ್ರ ಐದನೆಯ ವಾರದವರೆಗೆ ಕಾಯಬೇಕಾಯಿತು. ಗ್ಲುಕೋನಿಕ್‌ನಂಥ ಆಮ್ಲಗಳು ಕಬ್ಬಿಣದ ಅಯಾನುಗಳನ್ನು ಹಿಡಿದಿಟ್ಟು ಚರ್ಮವನ್ನು ರಕ್ಷಿಸುತ್ತವೆಂದು ತಯಾರಕರು ಹೇಳುತ್ತಾರೆ. ಲೋಹವನ್ನು ಬಂಧಿಸುವ ಗುಣ ನಿಜವೇ ಆದರೂ ಅದರ ಫಲವನ್ನು ಕನ್ನಡಿಯಲ್ಲಿ ಅಳೆಯುವ ಉಪಾಯ ನನಗೆ ತಿಳಿಯಲಿಲ್ಲ.

ಲ್ಯಾಕ್ಟೋಬಯೋನಿಕ್ ಆಮ್ಲವನ್ನು ಹಾಲಿನ ಸಕ್ಕರೆಯಿಂದ ತಯಾರಿಸುತ್ತಾರೆ. ಗ್ಲುಕೋನಿಕ್ ಆಮ್ಲಕ್ಕೆ ಗ್ಯಾಲಕ್ಟೋಸ್ ಜೋಡಿಸಿದಂತಿರುವ ಅದರ ಅಣುತೂಕ 358. 1980ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಬೆಲ್ಜರ್ ಮತ್ತು ಸೌಥರ್ಡ್ ರೂಪಿಸಿದ ಅಂಗಸಂರಕ್ಷಣಾ ದ್ರಾವಣದಲ್ಲಿ, ಕಸಿಗಾಗಿ ತೆಗೆದು ತಣ್ಣಗಿಟ್ಟ ಯಕೃತ್ತಿನ ಜೀವಕೋಶಗಳು ನೀರು ಕುಡಿದು ಉಬ್ಬದಂತೆ ತಡೆಯುವ ಕೆಲಸ ಇದರದ್ದು. ಇಂಥ ಘನವಾದ ಪೂರ್ವಚರಿತ್ರೆ ಓದಿ ಹೆಚ್ಚೇ ನಿರೀಕ್ಷಿಸಿದ್ದೆನೇನೋ. ಬೆಳಗ್ಗೆ ಎದ್ದಾಗ ಮುಖದ ತೇವ ಮೂರರಲ್ಲಿ ಇದರಿಂದಲೇ ಚೆನ್ನಾಗಿ ಉಳಿದಿರುತ್ತಿತ್ತು, ಆದರೆ ಒಣಗಿದ ಮೇಲೂ ಬೆಲ್ಲದ ಪಾಕ ತಾಗಿದಂತೆ ಅಂಟು. ಮೇಲಾಗಿ ಬೆಲೆಯೂ ದುಬಾರಿ.

ಈಗ ಮುಖಕ್ಕೆ ಗ್ಲುಕೋನೊಲ್ಯಾಕ್ಟೋನ್ ಒಂದೇ ಉಳಿದಿದೆ. ಗ್ಲೈಕಾಲಿಕ್ ಮೊಣಕೈಗಳಿಗೆ ವರ್ಗವಾಯಿತು. ಲ್ಯಾಕ್ಟೋಬಯೋನಿಕ್‌ನ ಅರ್ಧ ಬಾಟಲಿಯನ್ನು ಅಮ್ಮ ತಮ್ಮ ಒಣಗಿದ ಮೊಣಕಾಲಿನ ಕೆಳಗೆ ಹಚ್ಚಿಕೊಳ್ಳುತ್ತಿದ್ದಾರೆ, ಅಂಟಿನ ಬಗ್ಗೆ ಅವರದ್ದೇನೂ ತಕರಾರಿಲ್ಲ.